ಆ ‘ಕೆ’ ಗೆರೆ ಅಲ್ಲೇ ಇರುತ್ತದೆಯೇ?

ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಜೀವಿಸಂದಣಿಯ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ‘ಎಸ್’ ಆಕಾರದ ಲಾಜಿಸ್ಟಿಕ್ ರೇಖೆ ಬರೆದು, ಮೇಲೊಂದು ಅಡ್ಡಗೆರೆ ಎಳೆದು ‘ಕೆ’ ಎಂದು ಗುರುತಿಸಿದೆ. ಒಂದು ನೆಲೆ ಎಷ್ಟು ಜೀವಿಗಳನ್ನು ಸಾಕಬಲ್ಲದೋ ಅದೇ ಕೆ, ಅಂದರೆ ಧಾರಣಾ ಸಾಮರ್ಥ್ಯ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಆ ಗೆರೆ ಯಾವಾಗಲೂ ಅಲ್ಲೇ ಇರುತ್ತಾ?” ಎಂದು ಕೇಳಿದಳು. ಜುಮಾ ಬಿಡುವಿನ ಗಂಟೆ ಹೊಡೆಯುವುದರಲ್ಲಿತ್ತು. “ಪರೀಕ್ಷೆಗೆ ಹಾಗೇ ಬರಿಯಮ್ಮ” ಎಂದುಬಿಟ್ಟೆ. ಅದು ಉತ್ತರವಲ್ಲ, ನುಣುಚಿಕೊಂಡದ್ದು. ನಿಜವಾದ ಉತ್ತರ ಇಲ್ಲಿದೆ.

ಅಲಾಸ್ಕಾದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 330 ಚದರ ಕಿ.ಮೀ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಲ್ಲಿದ್ದ ಅಮೆರಿಕದ ಕೋಸ್ಟ್ ಗಾರ್ಡ್ ಸಿಬ್ಬಂದಿಗೆ ತುರ್ತು ಆಹಾರವಾಗಲೆಂದು 29 ಹಿಮಸಾರಂಗಗಳನ್ನು ತಂದುಬಿಟ್ಟರು. 24 ಹೆಣ್ಣು, 5 ಗಂಡು. ಯುದ್ಧ ಮುಗಿದು ಸಿಬ್ಬಂದಿ ಹೊರಟುಹೋದರು, ಸಾರಂಗಗಳು ಉಳಿದವು. ತೋಳಗಳಿರಲಿಲ್ಲ. ನೆಲದ ತುಂಬ ಕಲ್ಲುಹೂವಿನ ದಪ್ಪ ಹಾಸು. (ನಮ್ಮ ಬಿರಿಯಾನಿ ಮಸಾಲೆಯ ಪತ್ಥರ್ ಕೆ ಫೂಲ್ ಕೂಡ ಕಲ್ಲುಹೂವೇ, ಜಾತಿ ಬೇರೆ.)

ಡೇವಿಡ್ ಕ್ಲೈನ್ ಎಂಬ ಜೀವಶಾಸ್ತ್ರಜ್ಞರು 1957ರಲ್ಲಿ ಹೋದಾಗ 1,350 ಸಾರಂಗಗಳಿದ್ದವು, ಮೈತುಂಬಿಕೊಂಡು ಪುಷ್ಟವಾಗಿದ್ದವು. 1963ರಲ್ಲಿ 6,000. ಲೆಕ್ಕ ಹಾಕಿ: 6,000ವನ್ನು 29ರಿಂದ ಭಾಗಿಸಿದರೆ ಸುಮಾರು 207. ಅದರ ನ್ಯಾಚುರಲ್ ಲಾಗ್ 5.33. ಅದನ್ನು 19 ವರ್ಷಗಳಿಂದ ಭಾಗಿಸಿದರೆ ‘ಆರ್’ ಬೆಲೆ 0.28. ಅಂದರೆ ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಸಂಖ್ಯೆ ಇಮ್ಮಡಿ. ಚದರ ಕಿಲೋಮೀಟರಿಗೆ 18 ಸಾರಂಗ!

ಸೂತ್ರವನ್ನೇ ನಂಬಿದರೆ ಮುಂದೇನಾಗಬೇಕು? ಸಂಖ್ಯೆ ಕೆ ದಾಟಿದರೂ ಮೆಲ್ಲಗೆ ಇಳಿದು ಕೆ ಬಳಿ ನಿಲ್ಲಬೇಕು. ಆದದ್ದು ಬೇರೆ. ಬೇಸಿಗೆಯ ಹುಲ್ಲು ಮರುವರ್ಷ ಚಿಗುರುತ್ತದೆ. ಚಳಿಗಾಲದ ಮೇವಾದ ಕಲ್ಲುಹೂವು ಹಾಗಲ್ಲ, ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಸಾರಂಗಗಳು ಆ ವರ್ಷದ ಬೆಳವಣಿಗೆಯನ್ನಷ್ಟೇ ಅಲ್ಲ, ಹಳೆಯ ಹಾಸನ್ನೇ ಮೇಯ್ದವು. ರೈತ ಬಿತ್ತನೆ ಬೀಜವನ್ನೇ ಉಂಡ ಹಾಗೆ. ಸಂಖ್ಯೆ ಏರುತ್ತಿದ್ದಾಗಲೇ ಕೆ ಇಳಿಯುತ್ತಿತ್ತು! ಸೂಚನೆ ಇರಲಿಲ್ಲವೆಂದಲ್ಲ. 1957ರಲ್ಲಿ 100 ಹೆಣ್ಣುಗಳಿಗೆ 75 ಮರಿಗಳಿದ್ದವು, 1963ರಲ್ಲಿ 60. ದೊಡ್ಡ ಸಾರಂಗಗಳ ತೂಕವೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ತಲೆ ಎಣಿಸಿದವರಿಗೆ ಮಾತ್ರ ಎಲ್ಲ ಚೆನ್ನಾಗಿ ಕಂಡೀತು.

1963–64ರ ಚಳಿಗಾಲದಲ್ಲಿ ವಿಪರೀತ ಹಿಮ ಬಿತ್ತು. ಕ್ಲೈನ್ 1966ರಲ್ಲಿ ಮತ್ತೆ ಹೋದಾಗ ದ್ವೀಪದ ತುಂಬ ಎಲುಬುಗಳು. ಬದುಕಿದ್ದವು 42. ಅವುಗಳಲ್ಲಿ 41 ಹೆಣ್ಣು. ಇದ್ದ ಒಂದೇ ಗಂಡು ಸಂತಾನಕ್ಕೆ ಯೋಗ್ಯವಾಗಿ ಕಾಣಲಿಲ್ಲ, ಮರಿ ಒಂದೂ ಇರಲಿಲ್ಲ. 1980ರ ದಶಕದ ಹೊತ್ತಿಗೆ ಅವೂ ಇಲ್ಲವಾದವು.

ಪರೀಕ್ಷೆಯಲ್ಲಿ ಕೇಳಿದರೆ ಅಡ್ಡಗೆರೆಯನ್ನೇ ಎಳೆಯಿರಿ, ಅಂಕ ಅದಕ್ಕೇ ಇದೆ. ರಫ್ ನೋಟಿನಲ್ಲಿ ಮಾತ್ರ 29, 1,350, 6,000, 42 ಗುರುತಿಸಿ, ಕೆ ಗೆರೆಯನ್ನು ಓರೆಯಾಗಿ ಕೆಳಕ್ಕಿಳಿಸಿ ನೋಡಿ. ಎರಡೂ ಗೆರೆಗಳು ಎಲ್ಲಿ ಒಂದನ್ನೊಂದು ದಾಟಿರಬಹುದು ಎಂಬುದನ್ನು ಪ್ರಶ್ನೆ ಕೇಳಿದವಳೇ ಬಂದು ಬೋರ್ಡಿನ ಮೇಲೆ ತೋರಿಸಲಿ. ಸೋಮವಾರದ ಮೊದಲ ಪೀರಿಯಡ್ ಅವಳದು.