ಬಾಡಿಗೆ ಕಟ್ಟಡದಲ್ಲಿ ಹೂಡಿಕೆ: ಹೊಸಬರು ಮೊದಲು ಮಾಡಬೇಕಾದ ಲೆಕ್ಕ

ಉಳಿತಾಯವೆಂದರೆ ಒಂದೋ ಚಿನ್ನ, ಇಲ್ಲವೇ ಜಾಗ ಎಂಬ ನಂಬಿಕೆ ನಮ್ಮ ಕರಾವಳಿಯ ವ್ಯಾಪಾರಸ್ಥರಲ್ಲಿ ತಲೆಮಾರುಗಳಿಂದ ಬಂದದ್ದು. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಪೇಟೆಯಲ್ಲಿ ಒಂದು ಮಳಿಗೆ ಕೊಂಡು ಬಾಡಿಗೆಗೆ ಬಿಟ್ಟರೆ ಮುಂದೆ ನಿಶ್ಚಿಂತೆ ಎಂದು ಭಾವಿಸಿ, ನಡೆಯುತ್ತಿರುವ ವ್ಯಾಪಾರದಿಂದ ಹಣ ತೆಗೆದು ಕಟ್ಟಡಕ್ಕೆ ಹಾಕಲು ಹೊರಡುವ ಕಿರಿಯ ಸದಸ್ಯರು ಸಲಹೆ ಕೇಳಿ ಬರುವುದುಂಟು. ಬಾಡಿಗೆ ಎಷ್ಟು ಬಂದೀತು ಎಂಬುದು ಅವರ ಮೊದಲ ಪ್ರಶ್ನೆ. ಎಲ್ಲ ಕಳೆದು ಕೈಯಲ್ಲಿ ಎಷ್ಟು ಉಳಿದೀತು ಎಂಬ ಪ್ರಶ್ನೆ ಬರುವುದು ಅಪರೂಪ. ಪ್ರಸ್ತುತ ಲೇಖನವು ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಎರಡನೆಯ ಪ್ರಶ್ನೆಯನ್ನು ವಿವೇಚಿಸುತ್ತದೆ.

ಬಾಡಿಗೆ ಬೇರೆ, ಆದಾಯ ಬೇರೆ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹೊನ್ನಾವರದ ಪೇಟೆಯಲ್ಲಿ ಒಂದು ಮಳಿಗೆಯ ಬೆಲೆ ರೂ. 40 ಲಕ್ಷ, ತಿಂಗಳ ಬಾಡಿಗೆ ರೂ. 15,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ ರೂ. 1,80,000, ಅಂದರೆ ಶೇಕಡಾ ನಾಲ್ಕೂವರೆ ಎಂದು ದಲ್ಲಾಳಿ ಹೇಳುತ್ತಾನೆ. ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮದು ಅಲ್ಲಿಂದ ಆರಂಭವಾಗಬೇಕು.

ಕರ್ನಾಟಕದಲ್ಲಿ ಕ್ರಯಪತ್ರದ ಮೇಲಿನ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5. ಅದರ ಮೇಲೆ ಉಪಕರ ಮತ್ತು ಅಧಿಭಾರ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಹೀಗಾಗಿ ಪಟ್ಟಣ ಪ್ರದೇಶದಲ್ಲಿ ಒಟ್ಟು ವೆಚ್ಚ ಶೇ. 7.6ರಷ್ಟಾಗುತ್ತದೆ. ನಮ್ಮ ಮಳಿಗೆಗೆ ಇದು ರೂ. 3,04,000. ವಕೀಲರ ಶುಲ್ಕ, ಬಣ್ಣ, ವಿದ್ಯುತ್ ಕೆಲಸ, ಶಟರ್ ದುರಸ್ತಿಗೆ ರೂ. 96,000 ಹಿಡಿದರೆ ನಿಜವಾಗಿ ತೊಡಗಿಸಿದ ಬಂಡವಾಳ ರೂ. 44 ಲಕ್ಷ.

ಇನ್ನು ಆದಾಯದ ಕಡೆ. ಬಾಡಿಗೆದಾರ ಬದಲಾಗುವಾಗ ಮಳಿಗೆ ಖಾಲಿ ಉಳಿಯುವುದುಂಟು. ವರ್ಷಕ್ಕೆ ಸರಾಸರಿ ಒಂದು ತಿಂಗಳು ಹಿಡಿದರೆ ಬರುವ ಬಾಡಿಗೆ ರೂ. 1,65,000. ಆಸ್ತಿ ತೆರಿಗೆ 9,000, ದುರಸ್ತಿ 15,000, ವಿಮೆ 3,000 ಎಂದು ಕಳೆದರೆ ಉಳಿಯುವುದು ರೂ. 1,38,000. ಆದಾಯ ತೆರಿಗೆಯ ಲೆಕ್ಕದಲ್ಲಿ ದುರಸ್ತಿ, ವಿಮೆಗಳನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಬಂದ ಬಾಡಿಗೆಯಿಂದ ಮಾಲೀಕನು ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದುದರ ಶೇ. 30ನ್ನು ನೀವು ಎಷ್ಟೇ ಖರ್ಚು ಮಾಡಿರಿ, ಮಾಡದಿರಿ, ವಿನಾಯಿತಿಯಾಗಿ ಕೊಡಲಾಗುತ್ತದೆ. 1961ರ ಕಾಯ್ದೆಯ ಈ ತತ್ತ್ವವನ್ನು 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ. ಆ ಪ್ರಕಾರ ತೆರಿಗೆಗೆ ಒಳಪಡುವ ಮೊತ್ತ ರೂ. 1,09,200. ಮಾಲೀಕನು ಶೇ. 20ರ ಹಂತದಲ್ಲಿದ್ದರೆ ಉಪಕರ ಸೇರಿ ಸುಮಾರು ರೂ. 22,700 ತೆರಿಗೆ. ಅಂತಿಮವಾಗಿ ಕೈಗೆ ಬರುವುದು ರೂ. 1,15,300; ಅಂದರೆ 44 ಲಕ್ಷಕ್ಕೆ ಶೇ. 2.6.

ಬೆಲೆ ಏರುತ್ತದಲ್ಲ ಎಂಬ ಉತ್ತರ ತಕ್ಷಣ ಬರುತ್ತದೆ. ಏರಬಹುದು. ಆದರೆ ಅದು ಮಾರಿದಾಗ ಮಾತ್ರ ಸಿಗುವ ಲಾಭ, ಮತ್ತು 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಇಡೀ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ. ಮಾರುವ ಉದ್ದೇಶವೇ ಇಲ್ಲದವರು ಬೆಲೆ ಏರಿಕೆಯನ್ನು ಆದಾಯವೆಂದು ಎಣಿಸುವುದು ಸರಿಯಲ್ಲ. ಮಕ್ಕಳಿಗೆ ಆಸ್ತಿ ಮಾಡುತ್ತಿದ್ದೇನೆ ಎಂದರೆ ಅದು ಬೇರೆ ಮಾತು. ಆಗ ಅದನ್ನು ಹಾಗೆಂದೇ ಕರೆಯಬೇಕು.

ಹಣ ಎಲ್ಲಿಂದ ಬರುತ್ತದೆ?

ವ್ಯಾಪಾರಸ್ಥರ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ವ್ಯಾಪಾರದಲ್ಲಿ ತಿರುಗುತ್ತಿರುವ ಹಣ ವರ್ಷಕ್ಕೆ ನಾಲ್ಕಾರು ಬಾರಿ ಸುತ್ತಿ ಬರುತ್ತದೆ, ಪ್ರತಿ ಸುತ್ತಿನಲ್ಲಿಯೂ ಅಷ್ಟಿಷ್ಟು ಲಾಭ ತರುತ್ತದೆ. ಅದನ್ನು ತೆಗೆದು ಶೇ. 2.6ರ ಆಸ್ತಿಗೆ ಹಾಕಿದರೆ ನಷ್ಟವು ಕಟ್ಟಡದಲ್ಲಿ ಕಾಣುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಕಾಣುತ್ತದೆ. ಸರಕು ಕಡಿಮೆಯಾಗುತ್ತದೆ, ಸಗಟು ವ್ಯಾಪಾರಿಗೆ ಹಣ ತಡವಾಗುತ್ತದೆ, ನಗದು ರಿಯಾಯಿತಿ ಕೈತಪ್ಪುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ಎಳೆದು ಜಾಗಕ್ಕೆ ಮುಂಗಡ ಕೊಡುವುದು. ಆ ಸಾಲ ದಾಸ್ತಾನು ಮತ್ತು ಬಾಕಿ ವಸೂಲಿಯ ಆಧಾರದ ಮೇಲೆ ಕೊಟ್ಟದ್ದು, ಪ್ರತಿ ವರ್ಷ ನವೀಕರಣವಾಗಬೇಕಾದದ್ದು. ಅಲ್ಪಾವಧಿ ಸಾಲವನ್ನು ಮೂವತ್ತು ವರ್ಷದ ಆಸ್ತಿಯಲ್ಲಿ ಕಟ್ಟಿಹಾಕಿದರೆ ಖಾತೆ ಮಿತಿಯ ಅಂಚಿನಲ್ಲಿಯೇ ನಿಂತುಬಿಡುತ್ತದೆ. ಬ್ಯಾಂಕು ಇದನ್ನು ಸಾಲದ ದುರುಪಯೋಗವೆಂದೇ ಪರಿಗಣಿಸುತ್ತದೆ.

ದೀರ್ಘಾವಧಿ ಸಾಲ ಪಡೆಯುವುದಾದರೆ ಅದರ ಲೆಕ್ಕವೂ ಸ್ಪಷ್ಟವಿರಲಿ. ಮೇಲಿನ ಮಳಿಗೆಗೆ ರೂ. 25 ಲಕ್ಷ ಸಾಲ, ಬಡ್ಡಿ ಶೇ. 9, ಅವಧಿ 15 ವರ್ಷ ಎಂದಾದರೆ ತಿಂಗಳ ಕಂತು ಸುಮಾರು ರೂ. 25,360. ಬಾಡಿಗೆ 15,000. ಉಳಿದ ಹತ್ತು ಸಾವಿರಕ್ಕೂ ಮಿಕ್ಕ ಹಣವನ್ನು ಪ್ರತಿ ತಿಂಗಳು ನಿಮ್ಮ ವ್ಯಾಪಾರವೇ ಒದಗಿಸಬೇಕು, ಮಳೆಗಾಲದ ಮಂದ ತಿಂಗಳುಗಳಲ್ಲಿಯೂ. ಮೊದಲ ವರ್ಷದ ಬಡ್ಡಿಯೇ ರೂ. 2.2 ಲಕ್ಷ ದಾಟುವುದರಿಂದ ಬಾಡಿಗೆಯ ಲೆಕ್ಕದಲ್ಲಿ ನಷ್ಟ ತೋರುತ್ತದೆ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಈ ನಷ್ಟವನ್ನು ಬೇರೆ ಆದಾಯದಿಂದ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಅವಕಾಶವಿಲ್ಲ. ಸಾಲ ಮಾಡಿದರೆ ತೆರಿಗೆ ಉಳಿಯುತ್ತದೆ ಎಂದು ಇಂದಿಗೂ ಹೇಳುತ್ತಿರುವವರು ಇದನ್ನು ಗಮನಿಸಬೇಕು.

ಹಾಗಾದರೆ ಕೊಳ್ಳಲೇಬಾರದೇ? ವ್ಯಾಪಾರಕ್ಕೆ ಬೇಕಾದುದನ್ನು ಮೀರಿ ಉಳಿದ ಹಣವಿದ್ದು, ಕನಿಷ್ಠ ಆರು ತಿಂಗಳ ಕಂತು ಪ್ರತ್ಯೇಕವಾಗಿದ್ದು, ಬಾಡಿಗೆಯು ಕಂತಿನ ಬಹುಭಾಗವನ್ನು ತುಂಬುವಂತಿದ್ದರೆ ಕೊಳ್ಳಬಹುದು. ಮೊದಲ ಹೂಡಿಕೆ ಸಣ್ಣದಾಗಿರಲಿ. ಸ್ವಂತ ಮನೆಯ ಮೇಲೊಂದು ಅಂತಸ್ತು ಏರಿಸಲು ಅಡಿಪಾಯವೂ ಪರವಾನಿಗೆಯೂ ಅನುಕೂಲವಾಗಿದ್ದರೆ ಜಾಗದ ಬೆಲೆಯೂ ನೋಂದಣಿ ವೆಚ್ಚವೂ ಉಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಇದಕ್ಕಿಂತ ಸುರಕ್ಷಿತ ಆರಂಭವಿಲ್ಲ.

ಹಕ್ಕು ಮತ್ತು ದಾಖಲೆ

ನಮ್ಮ ಜಿಲ್ಲೆಯಲ್ಲಿ ಜಾಗದ ಹಕ್ಕು ಬಯಲುಸೀಮೆಯಷ್ಟು ಸರಳವಲ್ಲ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಎಷ್ಟೇ ವರ್ಷ ಕಟ್ಟಡ ನಿಂತಿದ್ದರೂ ಅದು ಕ್ರಯಕ್ಕೆ ಯೋಗ್ಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮಂಜೂರಾದ ಹಕ್ಕು ಸಹ ವಂಶಪಾರಂಪರ್ಯವಾಗಿ ಬರುವುದೇ ಹೊರತು ಮಾರುವಂಥದ್ದಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಗೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾದರೂ, ಬಾಡಿಗೆ ಕಟ್ಟಡ ಕಟ್ಟಲು ಭೂಪರಿವರ್ತನೆ ಬೇಕೇ ಬೇಕು. ಸಮುದ್ರದಂಡೆ ಮಾತ್ರವಲ್ಲ, ಶರಾವತಿ, ಅಘನಾಶಿನಿಗಳ ಉಪ್ಪುನೀರು ಹೋಗುವವರೆಗಿನ ದಂಡೆಗಳೂ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತವೆ.

ಪಟ್ಟಣದಲ್ಲಿ ಇ-ಖಾತಾ, ಗ್ರಾಮ ಪಂಚಾಯತ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆಗಳು, ಋಣಭಾರ ಪ್ರಮಾಣಪತ್ರ, ಮೂಲ ಪತ್ರಗಳು, ಇವನ್ನು ಮುಂಗಡ ಕೊಡುವ ಮೊದಲು ವಕೀಲರಿಗೆ ತೋರಿಸಬೇಕು. ಬಿ-ಖಾತೆ ಎಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ ಎಂದಷ್ಟೇ ಅರ್ಥ; ಬಡಾವಣೆ ಅಥವಾ ಕಟ್ಟಡ ಸಕ್ರಮವಾಯಿತು ಎಂದಲ್ಲ. ವಾರಸುದಾರರು ಹಲವರಿದ್ದಾಗ ಹೆಣ್ಣುಮಕ್ಕಳ ಸಹಿಯನ್ನು ಬಿಡಬಾರದು. ಭಟ್ಕಳದ ಆಸ್ತಿಗಳಲ್ಲಿ ಪಾಲುದಾರರು ಕೊಲ್ಲಿ ರಾಷ್ಟ್ರಗಳಲ್ಲಿರುವುದು ಸಾಮಾನ್ಯ. ಅವರು ಕಳುಹಿಸುವ ಮುಖ್ತಿಯಾರುಪತ್ರ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕೃತವಾಗಿರಬೇಕು, ಮತ್ತು ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಪಾವತಿಯಾಗಿರಬೇಕು.

ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಕಟ್ಟಡವಾದರೆ ಸ್ವಾಧೀನ ನಕ್ಷೆಯನ್ನು ನೋಡದೆ ಮಾತು ಮುಗಿಸಬೇಡಿ. ಚತುಷ್ಪಥವಾದ ಮೇಲೆ ರಸ್ತೆಯ ಆಚೆ ಬದಿಯ ಗಿರಾಕಿ ವಿಭಜಕ ದಾಟಿ ಬರುತ್ತಾನೆಯೇ ಎಂಬುದನ್ನೂ ಯೋಚಿಸಿ. ಹೆದ್ದಾರಿಯ ಮುಂಭಾಗ ಎಂದು ಹೆಚ್ಚಿಗೆ ಬೆಲೆ ಕೊಟ್ಟವನಿಗೆ ಹೆಚ್ಚಿಗೆ ಬಾಡಿಗೆ ಸಿಗಬೇಕೆಂದೇನಿಲ್ಲ.

ಕಟ್ಟಡ, ಬಾಡಿಗೆದಾರ, ಕರಾರು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಕಟ್ಟಡವನ್ನು ಜುಲೈ ತಿಂಗಳಲ್ಲಿ ನೋಡಬೇಕು. ಜನವರಿಯಲ್ಲಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಉಪ್ಪುಗಾಳಿಗೆ ತಾರಸಿಯ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಕಳಚುತ್ತಿದ್ದರೆ ದುರಸ್ತಿಯ ಖರ್ಚು ಮೇಲಿನ 15,000ಕ್ಕೆ ನಿಲ್ಲದು. ವಸತಿಗೆ ಕೊಡುವುದಾದರೆ ಮೇ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ನೀರಿರುತ್ತದೆ, ಅದು ಉಪ್ಪಾಗುತ್ತದೆಯೇ ಎಂದು ನೆರೆಮನೆಯವರನ್ನು ವಿಚಾರಿಸಿ. ನೀರಿಲ್ಲದ ಮನೆಗೆ ಶಿಕ್ಷಕರಾಗಲಿ ಬ್ಯಾಂಕ್ ನೌಕರರಾಗಲಿ ಎರಡನೆಯ ವರ್ಷ ಉಳಿಯುವುದಿಲ್ಲ. ಪ್ರತಿ ಮನೆಗೂ ಹೆಸ್ಕಾಂನ ಪ್ರತ್ಯೇಕ ಮೀಟರ್ ಇರಲಿ. ಗೃಹಜ್ಯೋತಿ ಯೋಜನೆಯ ಸೌಲಭ್ಯ ಬಾಡಿಗೆದಾರರಿಗೂ ಸಿಗುವುದರಿಂದ ಅವರು ಮೊದಲು ಕೇಳುವುದೇ ಇದನ್ನು. ಮುರ್ಡೇಶ್ವರ, ಗೋಕರ್ಣಗಳಲ್ಲಿ ಯಾತ್ರಿಕರಿಗೆ ದಿನದ ಲೆಕ್ಕದಲ್ಲಿ ಕೋಣೆ ಕೊಡುವುದು ಬಾಡಿಗೆಯಲ್ಲ, ಪೂರ್ಣಾವಧಿಯ ವ್ಯಾಪಾರ. ಅದರ ವಿಚಾರ ಇಲ್ಲಿ ಬೇಡ.

ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಕಾರಣ, ಒಂದು ವರ್ಷವನ್ನು ಮೀರುವ ಗುತ್ತಿಗೆ ನೋಂದಣಿಯಾಗಲೇಬೇಕು. ವಸತಿಗೆ ಇದು ಸಾಕು. ಮಳಿಗೆಗಾದರೆ ಮೂರು ಅಥವಾ ಐದು ವರ್ಷದ ನೋಂದಾಯಿತ ಗುತ್ತಿಗೆಯೇ ಮೇಲು, ಏಕೆಂದರೆ ಬಾಡಿಗೆದಾರನೂ ಪೀಠೋಪಕರಣಕ್ಕೆ ಹಣ ಹಾಕಿರುತ್ತಾನೆ. ಕರಾರು ಇಲ್ಲದಿದ್ದಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಸಾಮಾನ್ಯ ಮಳಿಗೆ, ಮನೆಗಳನ್ನು ಬಿಡಿಸಲು 15 ದಿನಗಳ ನೋಟಿಸು ಸಾಕಾದರೂ, ತಯಾರಿಕಾ ಉದ್ದೇಶದ ಗುತ್ತಿಗೆಗೆ ಆರು ತಿಂಗಳ ನೋಟಿಸು ಬೇಕು. ಶೆಡ್ಡನ್ನು ಸಣ್ಣ ಕೈಗಾರಿಕೆಗೆ ಕೊಡುವವರೂ ಪಡೆಯುವವರೂ ಇದನ್ನು ತಿಳಿದಿರಬೇಕು.

ಅವಧಿ ಮುಗಿದ ಮೇಲೆ ಏನು ಎಂಬುದನ್ನು ಅಸ್ಪಷ್ಟವಾಗಿ ಬಿಡುವುದು ಎಷ್ಟು ದುರಂತಕ್ಕೆ ಎಡೆಮಾಡಬಲ್ಲದು ಎಂಬುದನ್ನು ನಮ್ಮ ಭಾಗದವರಿಗೆ ವಿವರಿಸಬೇಕಿಲ್ಲ. 2017ರ ಸೆಪ್ಟೆಂಬರಿನಲ್ಲಿ ಭಟ್ಕಳದ ಪುರಸಭೆ ಮಳಿಗೆಗಳ ತೆರವಿನ ಸಂದರ್ಭದಲ್ಲಿ ಒಬ್ಬ ಬಾಡಿಗೆದಾರರು ಪ್ರಾಣ ಕಳೆದುಕೊಂಡರು. ಮಾಲೀಕನಿಗೆ ಅದು ಬಾಡಿಗೆ; ಎದುರಿನವನಿಗೆ ಅನ್ನ. ನವೀಕರಣದ ಷರತ್ತು, ಬಾಡಿಗೆ ಏರಿಕೆಯ ಪ್ರಮಾಣ, ತೆರವಿನ ಕಾಲಾವಕಾಶ, ಠೇವಣಿ ಹಿಂತಿರುಗಿಸುವ ದಿನ, ಇಷ್ಟನ್ನಾದರೂ ಮೊದಲ ದಿನವೇ ಬರೆಯಬೇಕು. ಠೇವಣಿಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ರೂ. 20,000 ಅಥವಾ ಅದಕ್ಕೂ ಮೇಲ್ಪಟ್ಟ ಠೇವಣಿಯನ್ನು ನಗದಾಗಿ ಸ್ವೀಕರಿಸಿದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬೇಕಾದೀತು.

ಜಿ.ಎಸ್.ಟಿ. ಮತ್ತು ವಿದೇಶದಲ್ಲಿರುವ ಮಾಲೀಕ

ಸೇವೆಗಳಿಗೆ 20 ಲಕ್ಷದ ಮಿತಿಯಿದೆ, ನನ್ನ ಬಾಡಿಗೆ ಅಷ್ಟಿಲ್ಲ, ಆದ್ದರಿಂದ ಜಿ.ಎಸ್.ಟಿ. ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ವ್ಯಾಪಾರಸ್ಥರಿಗೆ ಇದು ಅನ್ವಯಿಸದು. ಕಿರಾಣಿ ಅಥವಾ ಬಟ್ಟೆ ವ್ಯಾಪಾರಕ್ಕಾಗಿ ನೀವು ಈಗಾಗಲೇ ನೋಂದಾಯಿತರಾಗಿದ್ದು, ಮಳಿಗೆಯೂ ಅದೇ ಪ್ಯಾನ್‌ನಲ್ಲಿದ್ದರೆ, ತಿಂಗಳಿಗೆ ಎಂಟು ಸಾವಿರ ಬಾಡಿಗೆಯಿದ್ದರೂ ಶೇ. 18 ವಿಧಿಸಿ ಬಿಲ್ಲು ಕೊಡಬೇಕು. ವಾಸಕ್ಕಾಗಿ ಸಾಮಾನ್ಯ ಕುಟುಂಬಕ್ಕೆ ಕೊಟ್ಟ ಮನೆಗೆ ಮಾತ್ರ ವಿನಾಯಿತಿ. ಪತ್ನಿಯ ಹೆಸರಿನಲ್ಲಿ ಕೊಂಡರೆ ಜಿ.ಎಸ್.ಟಿ. ತಪ್ಪಬಹುದು, ಆದರೆ ಹಣ ಪತಿಯದಾಗಿದ್ದರೆ ಬಾಡಿಗೆ ಆದಾಯ ಆದಾಯ ತೆರಿಗೆಯಲ್ಲಿ ಪತಿಯ ಲೆಕ್ಕಕ್ಕೇ ಸೇರುತ್ತದೆ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದ ಮಾಲೀಕನ ವಾಣಿಜ್ಯ ಮಳಿಗೆಯನ್ನು ನೋಂದಾಯಿತ ವ್ಯಾಪಾರಿ ಬಾಡಿಗೆಗೆ ಪಡೆದರೆ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರನ್ನು ಇದರಿಂದ ಹೊರಗಿಡಲಾಗಿದೆ.

ಕೊನೆಯದಾಗಿ, ನಮ್ಮ ಸದಸ್ಯರಲ್ಲಿ ಹಲವರು ಮಾಲೀಕರಲ್ಲ, ಬಾಡಿಗೆದಾರರು. ಊರಿನಲ್ಲಿರುವ ಮಾಲೀಕನಿಗೆ ಕೊಡುವ ಬಾಡಿಗೆ ತಿಂಗಳಿಗೆ ರೂ. 50,000 ಮೀರದಿದ್ದರೆ ಟಿ.ಡಿ.ಎಸ್. ಪ್ರಶ್ನೆ ಬರುವುದಿಲ್ಲ. ಮಾಲೀಕ ದುಬೈ ಅಥವಾ ಮಸ್ಕತ್‌ನಲ್ಲಿದ್ದು ಅನಿವಾಸಿಯಾಗಿದ್ದರೆ ಅಂತಹ ಮಿತಿಯೇ ಇಲ್ಲ. ಐದು ಸಾವಿರ ಬಾಡಿಗೆಯಾದರೂ ಉಪಕರ ಸೇರಿ ಶೇ. 31.2 ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವುದು ಬಾಡಿಗೆದಾರನ ಹೊಣೆ. ಬಾಡಿಗೆಯನ್ನು ಇಲ್ಲಿರುವ ತಾಯಿಯ ಅಥವಾ ಸಹೋದರನ ಕೈಗೆ ಕೊಟ್ಟರೂ ಖಾತೆಯಲ್ಲಿ ಹೆಸರಿರುವ ಮಾಲೀಕ ಯಾರು ಎಂಬುದೇ ಮುಖ್ಯ. ಕಡಿತ ಮಾಡದಿದ್ದರೆ ತೆರಿಗೆ ಮತ್ತು ಬಡ್ಡಿ ಬಾಡಿಗೆದಾರನ ಮೇಲೆ ಬೀಳುತ್ತದೆ. ವ್ಯಾಪಾರದ ಲೆಕ್ಕದಲ್ಲಿ ಆ ಬಾಡಿಗೆಯ ಖರ್ಚನ್ನು ಒಪ್ಪದಿರಲೂಬಹುದು. ಅನಿವಾಸಿ ಮಾಲೀಕರು ಕಡಿಮೆ ದರದ ಕಡಿತಕ್ಕೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಇಲ್ಲವೇ ವಿವರಪತ್ರ ಸಲ್ಲಿಸಿ ಹೆಚ್ಚುವರಿ ಕಡಿತವನ್ನು ವಾಪಸು ಪಡೆಯಬಹುದು. ಪ್ರಮಾಣಪತ್ರ ಆಯಾ ಹಣಕಾಸು ವರ್ಷಕ್ಕೆ ಸೀಮಿತವಾದ್ದರಿಂದ ಅರ್ಜಿಯನ್ನು ವರ್ಷದ ಆರಂಭದಲ್ಲಿಯೇ ಸಲ್ಲಿಸುವುದು ಅನುಕೂಲ.