ತೆರೆಯ ಮೇಲೆ ಉಳಿದ ನೃತ್ಯ

ವಿದ್ಯಾರ್ಥಿಗಳೇ, ಶಿಲ್ಪವು ಕಲ್ಲಿನಲ್ಲಿಯೂ ಕಾವ್ಯವು ಓಲೆಯಲ್ಲಿಯೂ ನಿಲ್ಲುತ್ತದೆ. ನೃತ್ಯವಾದರೋ ಆಡಿ ಮುಗಿದೊಡನೆ ಮರೆಯಾಗುತ್ತದೆ. ಅದನ್ನು ಹಿಡಿದಿಡಬಲ್ಲುದು ಚಲನಚಿತ್ರ. ಆದರೆ ಕ್ಯಾಮರಾ ಸಮೀಪಕ್ಕೆ ಬಂದರೆ ಪಾದಗತಿ ಕಾಣದು. ದೂರ ಸರಿದರೆ ಕಣ್ಣಿನ ಭಾವ ತಿಳಿಯದು. ಎಲ್ಲಿ ನಿಲ್ಲಬೇಕೆಂಬ ವಿವೇಕವೇ ನಿರ್ದೇಶಕನ ಕಲೆ.

1976ರಲ್ಲಿ ಸತ್ಯಜಿತ್ ರಾಯ್ ಅವರು ಭರತನಾಟ್ಯದ ಬಾಲಸರಸ್ವತಿಯವರನ್ನು ಕುರಿತು ‘ಬಾಲ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದರಲ್ಲಿ ಆಕೆ ಕಡಲತೀರದಲ್ಲಿ ನಿಂತು, ವ್ಯಾಸರಾಯರದೆಂದು ಪ್ರಸಿದ್ಧವಾದ, ಬಾಲಕೃಷ್ಣನನ್ನು ಬೇಗನೆ ಬರಹೇಳುವ ನಮ್ಮ ಕನ್ನಡ ದೇವರನಾಮವನ್ನು ಅಭಿನಯಿಸುತ್ತಾರೆ. 1918ರಲ್ಲಿ ಜನಿಸಿದ ಆಕೆಗೆ ಆಗ ಅರುವತ್ತು ಸಮೀಪಿಸಿತ್ತು. ಯೌವನದ ಚುರುಕು ಆ ಚಿತ್ರಕ್ಕೆ ದೊರೆಯಲಿಲ್ಲ. ತಾಯಿಯ ವಾತ್ಸಲ್ಯ ದೊರೆಯಿತು. 1984ರಲ್ಲಿ ಆಕೆ ತೀರಿಕೊಂಡರು. ಕೃಷ್ಣನನ್ನು ಕರೆಯುವ ಆ ಕೈ ಮಾತ್ರ ಇಂದಿಗೂ ತೆರೆಯ ಮೇಲಿದೆ.

ಹಿರಿಯರ ಕಲೆಯನ್ನು ಅವರಿರುವಾಗಲೇ ಉಳಿಸಿಕೊಳ್ಳಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.