ನೆಲ ಉಬ್ಬಿದ್ದನ್ನು ಆಕಾಶದಿಂದ ಅಳೆಯೋದು ಹೇಗೆ?

ಕೆಂಡದ ಮೇಲೆ ರೊಟ್ಟಿ ಉಬ್ಬೋದನ್ನು ನೋಡಿದ್ದೀರಲ್ಲ? ಕೆಲವು ಕಡೆ ನೆಲವೂ ಹಾಗೇ ಉಬ್ಬುತ್ತದೆ. ಐಸ್‌ಲ್ಯಾಂಡ್ ಎಂಬ ದ್ವೀಪದೇಶದಲ್ಲಿ ಎರಡು ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂ.ಮೀ. ದೂರ ಸರಿಯುತ್ತಿವೆ. ಆ ಬಿರುಕಿನೊಳಗೆ ಶಿಲಾಪಾಕ, ಅಂದರೆ ಕರಗಿದ ಕಲ್ಲು, ನುಗ್ಗುತ್ತದೆ. ಆಗ ಮೇಲಿನ ನೆಲ ಒಂದು ಕಡೆ ಏರುತ್ತದೆ, ಇನ್ನೊಂದು ಕಡೆ ಕುಸಿಯುತ್ತದೆ.

ಇದನ್ನು ಅಳೆಯಲು ಸೆಂಟಿನೆಲ್-1 ಎಂಬ ಉಪಗ್ರಹಗಳಿವೆ. ಅವು ಸುಮಾರು 700 ಕಿ.ಮೀ. ಎತ್ತರದಿಂದ ರೇಡಾರ್ ಅಲೆ ಬಿಡುತ್ತವೆ. ಅಲೆ ನೆಲಕ್ಕೆ ಬಡಿದು ವಾಪಸ್ ಬರುತ್ತದೆ. ರಾತ್ರಿಯಾಗಲಿ ಮೋಡವಾಗಲಿ ಅದಕ್ಕೆ ಅಡ್ಡಿಯಿಲ್ಲ. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೆ ಅಲೆ ಬಿಡುತ್ತವೆ. ನೆಲ ಏರಿದ್ದರೆ ಅಲೆ ಹೋಗಿಬರುವ ದೂರ ಕಮ್ಮಿಯಾಗುತ್ತದೆ. ಎರಡೂ ಸಲದ ಚಿತ್ರಗಳನ್ನು ಹೋಲಿಸಿದರೆ ಕಾಮನಬಿಲ್ಲಿನಂಥ ಪಟ್ಟೆಗಳು ಮೂಡುತ್ತವೆ. ಒಂದು ಪಟ್ಟೆಗೆ ನೆಲ 2.8 ಸೆಂ.ಮೀ. ಸರಿದಿದೆ ಅಂತ ಲೆಕ್ಕ.

ಇದರಿಂದ ಏನು ಉಪಯೋಗ? 2023ರ ನವೆಂಬರ್ 10ರಂದು ಅಲ್ಲಿನ ಗ್ರಿಂಡವಿಕ್ ಊರಿನ ಕೆಳಗೆ ಶಿಲಾಪಾಕ ನುಗ್ಗಿತು. ಭೂಕಂಪಮಾಪಕ, ಜಿಪಿಎಸ್, ರೇಡಾರ್ ಈ ಮೂರರಿಂದಲೂ ವಿಜ್ಞಾನಿಗಳು ಆ ಜಾಗವನ್ನು ಕಾಯುತ್ತಿದ್ದರು. ಅದೇ ರಾತ್ರಿ 3,000ಕ್ಕೂ ಹೆಚ್ಚು ಜನರನ್ನು ಊರಿಂದ ಹೊರಗೆ ಕಳಿಸಿದರು. 2024ರ ಜನವರಿ 14ರಂದು ಲಾವಾರಸ ಊರೊಳಗೇ ಬಂದು 3 ಮನೆಗಳನ್ನು ಸುಟ್ಟಿತು. ಅಂದೂ ಜನರನ್ನು ಮುಂಚೆಯೇ ಕಳಿಸಿದ್ದರು. ಮನೆ ಹೋಯಿತು, ಮನೆಯವರು ಉಳಿದರು.

ಲೆಕ್ಕ ಮಾಡಿ: ಚಿತ್ರದಲ್ಲಿ 5 ಪಟ್ಟೆ ಇದ್ದರೆ ನೆಲ ಎಷ್ಟು ಸರಿದಿದೆ? (ಉತ್ತರ: 14 ಸೆಂ.ಮೀ.)